ಮರುಳಯ್ಯನವರ ಬೆರಳು

ತುಂಗಭದ್ರೆಯ ದಡದ ಆಶ್ರಮವೊಂದರಲ್ಲಿ ಮರುಳಯ್ಯನವರೆಂಬ ಗುರುಗಳಿದ್ದರು. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಆದರೂ ದಿನಾ ಬೆಳಿಗ್ಗೆ ಕಂಪ್ಯೂಟರಿನ ಮುಂದೆ ಕೂತು ತಮ್ಮ ಕೊನೆಯ ಪುಸ್ತಕವನ್ನು ತಾವೇ ಟೈಪ್ ಮಾಡುತ್ತಿದ್ದರು.

ಅದನ್ನು ತಿದ್ದಲು ಪಂಪಣ್ಣನೆಂಬ ಹೊಸ ಶಿಷ್ಯ ಬಂದ.

ಬಂದ ದಿನ ಅವನು ‘ಕ’ ಒತ್ತಿದರೆ ಬೇರೇನೋ ಮೂಡಿತು. ಹುಡುಕಿದಾಗ ಪರದೆಯ ಮೂಲೆಯಲ್ಲಿ ‘ಹಳೆಯ ಟೈಪ್‌ರೈಟರ್ ಕೀಲಿಮಣೆ’ ಎಂದಿತ್ತು. ಯಾರೋ ಕೆಡಿಸಿಟ್ಟಿದ್ದಾರೆ ಅಂದುಕೊಂಡ. ಹೊಸ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ಪಂಪಣ್ಣನದೂ ಅದೇ ಹುರುಪು. ಯಾರನ್ನೂ ಕೇಳದೆ ಅದನ್ನು ಬಂದ್ ಮಾಡಿ ತನಗೆ ರೂಢಿಯಿದ್ದ ಕೀಲಿಮಣೆ ಹಾಕಿದ.

ಮರುದಿನ ಗುರುಗಳು ಎರಡು ತಾಸು ಬರೆದು ನಗುತ್ತ ಎದ್ದರು.

“ಕಡೀ ಪುಟ ಮುಗೀತು ತಮ್ಮಾ. ಚಲೋ ಬಂತು. ಇನ್ನೊಮ್ಮೆ ಬರಿ ಅಂದ್ರ ನನ್ನ ಕಡಿಂದ ಆಗಂಗಿಲ್ಲ.”

ಪಂಪಣ್ಣ ಪರದೆ ನೋಡಿದ. ಒಂದು ಪದಕ್ಕೂ ಅರ್ಥವಿರಲಿಲ್ಲ.

“ಅಜ್ಜಾರ, ನೀವು ಟೈಪ್ ಮಾಡೋದು ಎಲ್ಲಿ ಕಲ್ತ್ರಿ?”

“ಇಲ್ಲಿಗೆ ಬರೂಕಿಂತ ಮೊದಲ ತಾಲ್ಲೂಕು ಕಚೇರ್ಯಾಗ ಇಪ್ಪತ್ತು ವರ್ಷ ಟೈಪಿಸ್ಟ್ ಇದ್ದೆ. ಕಣ್ಣು ಹೋದ್ವು. ಬೆರಳು ಮರೀಲಿಲ್ಲ.”

ತಾನು ಬಂದ್ ಮಾಡಿದ ಕೀಲಿಮಣೆ ಯಾರದೆಂದು ಪಂಪಣ್ಣನಿಗೆ ಆಗ ಹೊಳೆಯಿತು. ಕಾಲಿಗೆ ಬಿದ್ದು ಎಲ್ಲವನ್ನೂ ಹೇಳಿದ. ನಾಚಿಕೆಗೆ ಅಳುವೇ ಬಂತು.

ಗುರುಗಳು ಅವನ ತಲೆ ತಡವಿದರು.

“ನನ್ನ ಬೆರಳು ತಪ್ಪ್ಯಾವೇನು?”

“ಇಲ್ರಿ.”

“ಹಂಗಾದ್ರ ಅವು ಹ್ವಾದ ದಾರ್‍ಯಾಗ ನೀನೂ ಹೋಗು.”

ಪಂಪಣ್ಣ ಆ ಕೆಟ್ಟ ಪುಟವನ್ನು ಅಚ್ಚು ಹಾಕಿ ಪಕ್ಕದಲ್ಲಿಟ್ಟುಕೊಂಡ. ಟೈಪ್‌ರೈಟರ್ ಕೀಲಿಮಣೆಯನ್ನು ಮತ್ತೆ ಚಾಲೂ ಮಾಡಿದ. ಒಂದೊಂದು ಅಕ್ಷರವೂ ಯಾವ ಕೀಲಿಯಿಂದ ಬಂದಿತ್ತೋ ಅದೇ ಕೀಲಿಯನ್ನು ಒತ್ತುತ್ತ ಹೋದ. ಗುರುಗಳ ಮಾತು ಒಂದೊಂದೇ ಮೂಡತೊಡಗಿತು. ಮುಗಿಯುವಷ್ಟರಲ್ಲಿ ಹೊಳೆಯ ಮೇಲೆ ಸಂಜೆಯ ಬಿಸಿಲಿತ್ತು.

ಇಡೀ ಪುಟವನ್ನು ಓದಿ ಹೇಳಿದ. ಗುರುಗಳು ತಲೆದೂಗುತ್ತ ಕೇಳಿದರು. ಒಂದು ಪದವೂ ಹೋಗಿರಲಿಲ್ಲ.

“ಇನ್ನ ನಿಮ್ಮ ಕೀಲಿಮಣಿ ಎಂದೂ ಬಂದ್ ಮಾಡಂಗಿಲ್ರಿ, ಅಜ್ಜಾರ. ನಾನೂ ಅದರಾಗ ನಿಮ್ಮಂಗ ಟೈಪ್ ಮಾಡೋದು ಕಲೀತೀನಿ.”

“ಯಾಕೋ ಹುಚ್ಚಪ್ಪಾ, ನಿನಗ ನಿನ್ನ ಬೆರಳಿಲ್ಲೇನು? ನೀ ಕುಂತಾಗ ಬಂದ್ ಮಾಡು. ಏಳುಮುಂದ ಮಾತ್ರ ನನ್ನ ಬೆರಳು ನನಗ ಇಟ್ಟು ಏಳು.”