ತಾತನವರು ಡಾಕ್ಟರಿಗೆ ಕೇಳಿದ ಮಾತು

ಪೂಜ್ಯ ಶ್ರೀ ಹಂಪಯ್ಯ ತಾತನವರ ಮಠವೆಂದರೆ ಕೃಷ್ಣಾ ತೀರದಲ್ಲಿ ತಗಡು ಹೊದಿಸಿದ ಎರಡು ಕೋಣೆ, ಅಷ್ಟೇ. ಅಂದು ಮುಂಜಾನೆ ತಾತನವರು ದಾಸೋಹದ ಜೋಳ ಹಸನು ಮಾಡುತ್ತ ಕುಳಿತಿದ್ದರು. ಪಟ್ಟಣದ ಡಾಕ್ಟರು ಸಂಗನಬಸವ ಮಾಲಿಪಾಟೀಲರು ಸಿಡಿಮಿಡಿಗೊಂಡೇ ಒಳಬಂದರು. ಹಿಂದೆ ಮೀನುಗಾರರ ದುರುಗಮ್ಮ, ಗಂಡನ ಹೆಗಲು ಹಿಡಿದು ಬಂದಳು. ಅನ್ನನಾಳದಲ್ಲಿ ಗಡ್ಡೆ ಬೆಳೆದು ಆಕೆಗೆ ಗಂಜಿಯೂ ಇಳಿಯದಾಗಿತ್ತು.

ಮಠ, ಸ್ವಾಮಿಗಳೆಂದರೆ ಡಾಕ್ಟರಿಗೆ ನಂಬಿಕೆಯಿರಲಿಲ್ಲ. "ಆಪರೇಷನ್ ಮಾಡದಿದ್ರ ಈಕಿ ಉಳಿಯಂಗಿಲ್ರಿ. ತಾತ ಹೂಂ ಅನ್ನೋತನ ಒಲ್ಲೆ ಅಂತಾಳ. ನೀವಾದ್ರೂ ಹೇಳ್ರಿ" ಎಂದರು.

ತಾತನವರು ಮೊರ ಕೆಳಗಿಟ್ಟು ಮೆಲ್ಲಗೆ ಕೇಳಿದರು: "ನಿಮ್ಮ ತಾಯಿಗೆ ಈ ಬ್ಯಾನಿ ಬಂದಿದ್ರ ಆಪರೇಷನ್ ಎಲ್ಲಿ ಮಾಡಿಸ್ತಿದ್ರಿ?"

ಡಾಕ್ಟರು ತಲೆ ತಗ್ಗಿಸಿದರು. ಸುಳ್ಳಾಡುವ ಮನುಷ್ಯರಲ್ಲ ಅವರು. "ಬೆಂಗಳೂರಿಗೆ ಒಯ್ತಿದ್ದೆ. ಅಲ್ಲಿ ಇದನ್ನ ಮಾಡಿ ಮಾಡಿ ಕೈ ಪಳಗಿದವರದಾರ. ನಾ ಮಾಡಿದ್ದು ಬಾಳ ಕಮ್ಮಿ. ಆದ್ರ ಇಂಥವರನ್ನ ಅಲ್ಲಿ ಯಾರು ಕೇಳ್ತಾರ್ರೀ? ಪರಿಚಯದವರು ಬೇಕು."

"ನೀವಿದ್ದೀರಲ್ಲ! ನಡೀರಿ, ನಾನೂ ಬರ್ತೀನಿ."

ನಾಲ್ವರೂ ರೈಲು ಹತ್ತಿದರು. ದೊಡ್ಡಾಸ್ಪತ್ರೆಯ ಕೌಂಟರಿನಲ್ಲಿ, "ಹಾಸಿಗೆ ಖಾಲಿಯಿಲ್ಲ, ಎರಡು ತಿಂಗಳು ಬಿಟ್ಟು ಬನ್ನಿ" ಎಂದರು. ದುರುಗಮ್ಮನ ಗಂಡ ಅಲ್ಲೇ ಕುಸಿದು ಕುಳಿತ. ಮಾಲಿಪಾಟೀಲರು ನೆಟ್ಟಗೆ ತಮ್ಮ ಹಳೆಯ ಗುರುಗಳಾದ ಹಿರಿಯ ಸರ್ಜನ್ನರ ಕೋಣೆಗೆ ನಡೆದರು. "ಸರ್, ಈಕೆ ನನ್ನ ತಾಯಿ ಅಂತ ತಿಳ್ಕೊಂಡು ನೋಡಿ. ಎರಡು ತಿಂಗಳು ಬದುಕೋದಿಲ್ಲ" ಎಂದು ಕೈಮುಗಿದರು. ಗುರುಗಳು ಆಕೆಯನ್ನು ಪರೀಕ್ಷಿಸಿ ಆ ವಾರದಲ್ಲೇ ಶಸ್ತ್ರಚಿಕಿತ್ಸೆಗೆ ತೆಗೆದುಕೊಂಡರು.

ಆಪರೇಷನ್ನಿನ ದಿನ ತಾತನವರು ಥಿಯೇಟರಿನ ಹೊರಗೆ ನೆಲದ ಮೇಲೆ ದುರುಗಮ್ಮನ ಗಂಡನ ಕೈಹಿಡಿದು ಕುಳಿತರು. ಒಳಗೆ ನಿಂತು ನೋಡುತ್ತಿದ್ದ ಮಾಲಿಪಾಟೀಲರು ಸಂಜೆ ಹೊರಬಂದವರೇ ತಾತನವರ ಪಾದದ ಮೇಲೆ ಬಿದ್ದರು. "ಗೆದ್ದಳ್ರೀ! ನಡುವೆ ರಕ್ತ ಹರೀತು. ನಮ್ಮ ಗುರುಗಳು ಹೆದರಲಿಲ್ಲ, ಕ್ಷಣದಾಗ ನಿಲ್ಲಿಸಿದ್ರು. ನನ್ನ ಕೈಯಾಗಾಗಿದ್ರ ಉಳೀತಿರಲಿಲ್ಲ."

"ಏಳ್ರಿ" ಎಂದರು ತಾತನವರು. "ಊರಾಗ ದುರುಗಮ್ಮನಂಥವರು ಇನ್ನೂ ಬಾಳ ಮಂದಿ ಅದಾರ."

ಆ ಮಾತನ್ನು ಡಾಕ್ಟರು ಗುರುವಾಕ್ಯವೆಂದೇ ತಲೆಯ ಮೇಲೆ ಹೊತ್ತರು. ದುರುಗಮ್ಮ ಮರುವರ್ಷ ಮತ್ತೆ ಹೊಳೆಗೆ ಬಲೆ ಬೀಸಿದಳು. ತಮ್ಮಿಂದಾಗದ ರೋಗಿಗಳನ್ನು ಮಾಲಿಪಾಟೀಲರು ತಾವೇ ಬೆಂಗಳೂರಿಗೆ ಕರೆದೊಯ್ಯತೊಡಗಿದರು. ಹಿರಿಯ ಸರ್ಜನ್ನರೂ ಆ ರೋಗಿಗಳಿಗಾಗಿ ಬಾಗಿಲು ತೆರೆದರು. ಈಗ ಆ ಕೌಂಟರಿನಲ್ಲಿ "ಯಾರ ಕಡೆಯವರು?" ಎಂದು ಕೇಳಿದರೆ, ಕೃಷ್ಣಾ ತೀರದ ಬಡವರು ತಲೆಯೆತ್ತಿ ಹೇಳುತ್ತಾರೆ: "ಮಾಲಿಪಾಟೀಲ ಡಾಕ್ಟ್ರ ಮನಿಯವರು."