ಕಾದವರ ದಿಬ್ಬ

ವೋಲ್ಗಾ ನದಿಯ ದಂಡೆಯಲ್ಲಿರುವ ಜ್ವೊನಾರೆವೊ ಪಟ್ಟಣಕ್ಕೆ ದೋಣಿಯಲ್ಲಿ ಹೋದರೆ ಮೊದಲು ಕಾಣುವುದು ಇಗರ್ಜಿಯ ಗಂಟೆಗೋಪುರ, ಆಮೇಲೆ ಅದರ ಎದುರು ದಡದ ಬೋಳು ದಿಬ್ಬ. ದಿಬ್ಬದ ನೆತ್ತಿಯ ಸುಣ್ಣಕಲ್ಲಿನಲ್ಲಿ ಸಾಲಾಗಿ ಒಂಬತ್ತು ಕುಳಿಗಳಿವೆ. ಒಂದೊಂದೂ ಒಬ್ಬ ದಪ್ಪ ಮನುಷ್ಯ ಆರಾಮಾಗಿ ಕೂರುವಷ್ಟು. ಮಳೆನೀರು ಕೊರೆದದ್ದು ಎಂದು ಓದಿದವರು ಹೇಳುತ್ತಾರೆ. ಮಳೆಗೆ ಗಂಡಸರ ಕುಂಡೆಯ ಅಳತೆ ಯಾರು ಕೊಟ್ಟರೋ ತಿಳಿಯದು. ಊರವರು ಇದನ್ನು ಕಾದವರ ದಿಬ್ಬ ಎನ್ನುತ್ತಾರೆ. ಕಾದವರು ಯಾರು ಎಂದು ಕೇಳಿದರೆ ಮಾತ್ರ ಅಲ್ಲಿಯ ಗಂಡಸರು ಹವಾಮಾನದ ಮಾತು ತೆಗೆಯುತ್ತಾರೆ.

ಹಿಂದೆ ಒಮ್ಮೆ, ಇಡೀ ರಷ್ಯಾವನ್ನು ಒಬ್ಬ ಹೆಂಗಸೇ ಆಳುತ್ತಿದ್ದ ಕಾಲದಲ್ಲಿ, ಈ ಊರಿನ ಗಂಟೆ ಎರಕದ ಮನೆಯ ಯಜಮಾನ ಸತ್ತು, ಅದು ಅವನ ಹೆಂಡತಿ ಉಸ್ತಿನ್ಯಾಳ ಪಾಲಿಗೆ ಬಂತು. ಕಾನೂನು ಅವಳ ಕಡೆಗಿತ್ತು. ವರ್ತಕರ ಸಂಘ ಅವಳ ಕಡೆಗಿರಲಿಲ್ಲ. ಆ ಸಂಘದ ಘನವಂತರು ಅಂಗಡಿಯ ಮುಂದೆ ಗಡ್ಡ ನೀವುತ್ತಾ ಚಹಾ ಹೀರುವರು; ಒಳಗೆ ತೂಗುವುದು, ಮಾರುವುದು, ಗಿರಾಕಿಯ ಜೊತೆ ಜಗಳ ಕಾಯುವುದು ಎಲ್ಲ ಅವರ ಹೆಂಡಂದಿರು. ಅವರ ಮುಖಂಡ ಪೊತಾಪ್, ಉಸ್ತಿನ್ಯಾಳ ಗಂಡನ ತಮ್ಮ. ಉಪ್ಪಿನಕಾಯಿ ಪೀಪಾಯಿಯ ಮುಚ್ಚಳ ತೆಗೆಯಲೂ ಹೆಂಡತಿಯನ್ನು ಕೂಗುವ ವೀರ. ದೇವಮಾತೆಯ ಹಬ್ಬದೊಳಗೆ ಅವಳು ಇಗರ್ಜಿಯ ಹೊಸ ದೊಡ್ಡ ಗಂಟೆಯನ್ನು ಹೊಯ್ದು ಗೋಪುರಕ್ಕೆ ಏರಿಸದಿದ್ದರೆ ಎರಕದ ಮನೆ ಪೊತಾಪನಿಗೆ ಸೇರತಕ್ಕದ್ದು ಎಂದು ಸಂಘ ತೀರ್ಮಾನಿಸಿತು.

"ಕಂಚು ಕರಗಿಸೋದು ಎಲೆಕೋಸಿನ ಸಾರು ಕುದಿಸಿದ ಹಾಗಲ್ಲ ಅತ್ತಿಗೆ," ಎಂದನಂತೆ ಪೊತಾಪ್.

"ಹೌದು ಮೈದುನರೇ. ಸಾರು ಕೆಟ್ಟರೂ ನೀವು ಎರಡು ಬಟ್ಟಲು ಕುಡೀತೀರಿ," ಎಂದಳಂತೆ ಅವಳು.

ಅವಳ ಕೆಲಸಗಾರರೆಲ್ಲ ಈ ವರ್ತಕರ ಮನೆಗಳಲ್ಲೇ ಬಾಡಿಗೆಗಿದ್ದವರು. ಅವಳ ಬಾಗಿಲು ಹೊಕ್ಕವನ ಸಾಮಾನು ಬೀದಿಗೆ ಬೀಳುತ್ತದೆ ಎಂದು ಹೇಳಿ, ಘನವಂತರು ಸರದಿಯಂತೆ ಆ ಬಾಗಿಲ ಮುಂದೆಯೇ ಕುರ್ಚಿ ಹಾಕಿಕೊಂಡರು. ಹಬ್ಬ ಹತ್ತಿರವಾಯಿತು. ಕುಲುಮೆ ತಣ್ಣಗಿತ್ತು.

ಗಂಟೆ ಹೊಯ್ಯುವವರಲ್ಲಿ ಒಂದು ಹಳೆಯ ಪದ್ಧತಿಯಿದೆ. ಎರಕದ ದಿನ ಊರಿನಲ್ಲಿ ಒಂದು ದೊಡ್ಡ ಸುಳ್ಳು ಹಬ್ಬಿಸಬೇಕು. ಸುಳ್ಳು ಎಷ್ಟು ದೂರ ಹೋಗುತ್ತದೋ ಗಂಟೆಯ ನಾದ ಅಷ್ಟು ದೂರ ಕೇಳುತ್ತದೆ. ನದಿಯ ಮೀನು ಮಾತಾಡಿತಂತೆ ಎಂದು ಯಾರಾದರೂ ಹೇಳಿದರೆ, ಎಲ್ಲೋ ಗಂಟೆ ಹೊಯ್ಯುತ್ತಿದ್ದಾರೆ ಎಂದು ಮಕ್ಕಳೂ ನಗುತ್ತಿದ್ದರು. ಉಸ್ತಿನ್ಯಾ ಮೀನಿನ ಗೋಜಿಗೆ ಹೋಗಲಿಲ್ಲ. ಸಂತೆಯಲ್ಲಿ ಪೊತಾಪನ ಹೆಂಡತಿಗೆ ಕೇಳಿಸುವಂತೆ, ನನಗೆ ಸಾಕಾಯಿತು, ಗಂಡಸರ ಕೆಲಸ ಗಂಡಸರಿಗೇ ಇರಲಿ, ಇದ್ದ ಕಂಚನ್ನೆಲ್ಲ ಕರಗಿಸಿ ಗಟ್ಟಿಗಳಾಗಿ ಹೊಯ್ದು ಆಚೆ ದಡದ ದಿಬ್ಬಕ್ಕೆ ಕಳಿಸುತ್ತೇನೆ, ಮೊದಲು ಸಿಕ್ಕವರಿಗೆ ಸಿಕ್ಕ ಬೆಲೆಗೆ ಕೊಡುತ್ತೇನೆ ಎಂದಳು. ಹೆಂಗಸು ಸೋತಳು ಎಂಬ ಮಾತು ಆ ಮಹಾಶಯರ ಕಿವಿಗೆ ಸುಳ್ಳಿನ ಹಾಗೆ ಕೇಳಿಸಲೇ ಇಲ್ಲ.

ಬೆಳಗಾಗುವಷ್ಟರಲ್ಲಿ ಸಂಘಕ್ಕೆ ಸಂಘವೇ ದಿಬ್ಬದ ಮೇಲಿತ್ತು. ಇತ್ತ ಕಾವಲಿಲ್ಲದ ಬಾಗಿಲಿನಿಂದ ಕೆಲಸಗಾರರು ಒಳಗೆ ಬಂದರು. ಕುಲುಮೆಯ ಹೊಗೆ ಎದ್ದಾಗ, ಗಟ್ಟಿ ಹೊಯ್ಯುತ್ತಿದ್ದಾಳೆ ಎಂದು ಪೊತಾಪ್ ತಲೆಯಾಡಿಸಿದ. ಸಂಜೆಯಾಯಿತು, ದಿನಗಳಾದವು, ದೋಣಿ ಬರಲಿಲ್ಲ. ನೀವು ಹೋಗಿ ಊಟ ಮಾಡಿ ಬನ್ನಿ, ನಾನು ನೋಡಿಕೊಂಡಿರುತ್ತೇನೆ ಎಂದು ಪ್ರತಿಯೊಬ್ಬನೂ ಉಳಿದವರಿಗೆ ಧಾರಾಳವಾಗಿ ಹೇಳಿದ. ಒಬ್ಬನೂ ಏಳಲಿಲ್ಲ, ಎದ್ದರೆ ಕಂಚು ಪಕ್ಕದವನ ಪಾಲು. ಹೆಂಡಂದಿರು ರೊಟ್ಟಿ ಕಳಿಸುತ್ತಲೇ ಇದ್ದರು. ಬೇಗ ಬನ್ನಿ ಎಂದು ಒಬ್ಬಳೂ ಹೇಳಿ ಕಳಿಸಲಿಲ್ಲ. ಗಂಟೆ ಅಚ್ಚಿನಲ್ಲಿ ನಿಧಾನವಾಗಿ ತಣಿಯಿತು. ದಿಬ್ಬದ ಕಲ್ಲು ಸವೆಯಿತು.

ಹಬ್ಬದ ಬೆಳಿಗ್ಗೆ ನದಿಯಾಚೆಯ ಗೋಪುರದಿಂದ ಹೊಸ ಗಂಟೆಯ ನಾದ ಬಂತು. ದಿಬ್ಬವೇ ನಡುಗಿತು ಎನ್ನುತ್ತಾರೆ; ನಡುಗಿದ್ದು ದಿಬ್ಬವೋ ಮೇಲೆ ಕೂತವರೋ, ನಾನು ಪ್ರಮಾಣ ಮಾಡಲಾರೆ. ದೋಣಿ ಇಳಿದ ಪೊತಾಪನಿಗೆ ದಡದಲ್ಲೇ ಅತ್ತಿಗೆ ಎದುರಾದಳು.

"ಸುಳ್ಳು ನಾನು ಹೇಳಿದ್ದು, ಮೈದುನರೇ. ನದಿ ದಾಟಿಸಿದ್ದು ನೀವು. ಅದಕ್ಕೇ ನೋಡಿ, ಅಷ್ಟು ದೂರ ಕೇಳಿಸ್ತು."

ಎರಕದ ಮನೆ ಕಡೆಯವರೆಗೂ ಅವಳದೇ ಆಗಿತ್ತು. ಮುಂದೆ ಕ್ರಾಂತಿಯಾಗಿ ಬಂದ ಹೊಸ ಸರ್ಕಾರದಲ್ಲಿ ಅದು ಬಕೆಟ್ಟಿನ ಕಾರ್ಖಾನೆಯಾಯಿತು, ಆಮೇಲೆ ಅದಕ್ಕೆ ಬೀಗ ಬಿತ್ತು. ಗಂಟೆ ಮಾತ್ರ ಉಳಿದಿದೆ. ಈಗ ದಿಬ್ಬದ ಮೇಲೆ ರಿಮ್ಮಾ ಎಂಬಾಕೆ ದೋಸೆಯಂಥ ಬ್ಲಿನಿ ಹುಯ್ದು ಮಾರುತ್ತಾಳೆ. ಅಂಗಡಿಗೆ ಪರವಾನಗಿ ಕೇಳಲು ಹೋದಾಗ, ಯಜಮಾನರು ಬರಲಿಲ್ಲವೇ ಎಂದು ಪುರಸಭೆಯವರು ಅವಳನ್ನು ಎರಡು ವರ್ಷ ಅಲೆದಾಡಿಸಿದರಂತೆ. ಮಧ್ಯಾಹ್ನ ಹೋದವರು ನೋಡಬಹುದು: ಅದೇ ಪುರಸಭೆಯವರು ತಟ್ಟೆ ಹಿಡಿದು, ತಮ್ಮ ಸರದಿಗಾಗಿ ಆ ಕುಳಿಗಳಲ್ಲಿ ಸಾಲಾಗಿ ಕೂತಿರುತ್ತಾರೆ. ಅಳತೆ ಇನ್ನೂ ಸರಿಯಾಗಿದೆ.