ವರ್ತಕನ ದಾಕ್ಷಿಣ್ಯ

"ಗುರುಗಳೇ, ಕೆಲಸ ಬಿಟ್ಟುಹೋದವರ ಹೆಸರು ಪಟ್ಟಿಯಲ್ಲಿ ಉಳಿದರೆ ಏನು ನಷ್ಟ?" ಎಂದು ಶಿಷ್ಯ ಕೇಳಿದ.

ಗುರುಗಳು ಮಠದ ಆಡಳಿತವನ್ನು ಅವನಿಗೆ ವಹಿಸಿ ಒಂದು ತಿಂಗಳಾಗಿತ್ತು. ಉಗ್ರಾಣ, ಪುಸ್ತಕ ಭಂಡಾರ, ಕಚೇರಿ, ಎಲ್ಲದಕ್ಕೂ ಈಗ ಫೋನಿನಿಂದ ತೆರೆಯುವ ಬೀಗ. ಯಾರು ಯಾವ ಬಾಗಿಲು ತೆರೆಯಬಹುದೆಂಬ ಪಟ್ಟಿ ಕ್ಲೌಡ್‌ನಲ್ಲಿತ್ತು. ಅಂದರೆ ಎಲ್ಲೋ ದೂರದ ಕಂಪ್ಯೂಟರಿನಲ್ಲಿ. ಕುಳಿತಲ್ಲಿಂದಲೇ ಹೆಸರು ಸೇರಿಸಬಹುದು, ಕುಳಿತಲ್ಲಿಂದಲೇ ತೆಗೆಯಬಹುದು. ಸೇರಿಸಲು ಶಿಷ್ಯನಿಗೆ ಕಷ್ಟವಾಗಲಿಲ್ಲ. ತೆಗೆಯಲು ಮನಸ್ಸು ಬರಲಿಲ್ಲ.

ಗುರುಗಳು ನಕ್ಕರು. "ದಾಕ್ಷಿಣ್ಯಕ್ಕೆ ಬಸಿರಾದರೆ ಹೆರಲು ಜಾಗವಿಲ್ಲ ಅನ್ನುತ್ತಾರೆ. ಕೇಳು" ಎಂದು ಹೇಳತೊಡಗಿದರು.

ಒಬ್ಬ ವರ್ತಕನಿದ್ದ. ಅವನದು ದ್ರಾಕ್ಷಿ ವ್ಯಾಪಾರ. ಹಳೆಯ ಗೋದಾಮಿಗೆ ತಂಪು ಯಂತ್ರ ಕೂರಿಸಿ, ಇಂಥದೇ ಬೀಗ ಹಾಕಿಸಿದ. ಮೂವತ್ತು ವರ್ಷ ಆ ಗೋದಾಮನ್ನು ನೋಡಿಕೊಂಡಿದ್ದ ಮುದುಕ ಬೀಗ ಬಂದ ವಾರದಲ್ಲೇ ಕೆಲಸದಿಂದ ಬಿಡುಗಡೆಯಾದ. ವರ್ತಕ ಅವನಿಗೆ ಶಾಲು ಹೊದಿಸಿದ, ಹಾರ ಹಾಕಿದ, ಕಾಲಿಗೂ ಬಿದ್ದ. ಹೆಸರನ್ನು ಮಾತ್ರ ಪಟ್ಟಿಯಿಂದ ತೆಗೆಯಲಿಲ್ಲ. ತೆಗೆದರೆ ಹಿರಿಯ ಜೀವ ನೊಂದುಕೊಂಡೀತು ಎಂದುಕೊಂಡ. ನಿಜ ಹೇಳಬೇಕೆಂದರೆ, ಆ ಮಾತೆತ್ತುವ ಧೈರ್ಯ ಅವನಿಗಿರಲಿಲ್ಲ.

ಅಮಾವಾಸ್ಯೆ ಬಂತು. ಅಂದು ಹಮಾಲರಿಗೆ ರಜೆ. ವರ್ತಕ ಬೇರೆ ಊರಿಗೆ ಹೋಗಿದ್ದ. ಪ್ರತಿ ಅಮಾವಾಸ್ಯೆ ಗೋದಾಮಿನ ಪೂಜೆ ಮಾಡುತ್ತಿದ್ದವನು ಆ ಮುದುಕನೇ. ಅವನು ಎಂದಿನಂತೆ ಬೆಳಿಗ್ಗೆ ಬಂದ, ಫೋನಿನಿಂದ ಬಾಗಿಲು ತೆರೆದ, ಕಾಯಿ ಒಡೆದು ಹೊಸ್ತಿಲ ಬಳಿ ದೀಪ ಹಚ್ಚಿದ. ಗೋದಾಮು ಈಗ ತಂಪು ಕೋಣೆ, ತೆರೆದ ಬಾಗಿಲನ್ನು ಕೂಡಲೇ ಹಾಕಬೇಕೆಂದು ಅವನಿಗೆ ಹೇಳಿದ್ದರು. ಆದರೆ ದೀಪ ಉರಿಯುವಾಗ ಬಾಗಿಲು ಹಾಕಬಾರದೆಂಬುದು ಅದಕ್ಕಿಂತ ಹಳೆಯ ಪಾಠ. ಭಕ್ತಿಯಿಂದ ಎಣ್ಣೆಯನ್ನೂ ತುಂಬ ಹಾಕಿದ್ದ. ದೀಪ ಸಂಜೆಯವರೆಗೆ ಉರಿಯಿತು. ಬಾಗಿಲೂ ಸಂಜೆಯವರೆಗೆ ತೆರೆದೇ ಇತ್ತು.

ಮುದುಕ ಬಾಗಿಲು ತೆರೆದದ್ದನ್ನು ವರ್ತಕನ ಫೋನು ಆಗಲೇ ತಿಳಿಸಿತ್ತು. ಹಿರಿಯರು ಪೂಜೆ ಮರೆತಿಲ್ಲವೆಂದು ಅವನಿಗೆ ಸಂತೋಷವೇ ಆಯಿತು. ಫೋನನ್ನು ಜೇಬಿಗೆ ಹಾಕಿಕೊಂಡ.

ಮರುದಿನ ನೋಡಿದರೆ ಹಣ್ಣೆಲ್ಲ ಬೆವೆತು ಕೊಳೆಯತೊಡಗಿತ್ತು. ಹಣ್ಣು ಇಟ್ಟಿದ್ದ ರೈತರು ಬಂದು, ಬಾಗಿಲು ತೆರೆದವರು ಯಾರೆಂದು ಕೇಳಿದರು. ಫೋನಿನಲ್ಲಿ ಒಂದೇ ಹೆಸರಿತ್ತು. ಮೂವತ್ತು ವರ್ಷ ಒಂದು ಬುಟ್ಟಿಯನ್ನೂ ಕೆಡಿಸದವನನ್ನು ಅವರು ಕಳ್ಳನನ್ನು ನೋಡುವಂತೆ ನೋಡಿದರು.

ಮುದುಕ ವರ್ತಕನಿಗೆ ಹೇಳಿದ: "ಸಾವ್ಕಾರ್ರ, ಇದು ಇನ್ನೂ ನನ್ನ ಬಾಗಲಾನ ಅಂತ ತಿಳಿದಿದ್ದೆ. ಅಲ್ಲಂತ ಒಂದ್ ಮಾತು ಹೇಳಬೇಕಿತ್ರಿ ನೀವು."

ಮುಂದಿನ ವರ್ಷ ದ್ರಾಕ್ಷಿ ಮತ್ತೆ ಬಂತು. ಮುದುಕ ಮಾತ್ರ ಆ ಬೀದಿಗೆ ಮತ್ತೆ ಕಾಲಿಡಲಿಲ್ಲ.

ಕತೆ ಮುಗಿಯಿತು. ಮುದುಕನನ್ನು ನೆನೆದು ಶಿಷ್ಯನಿಗೆ ಸಂಕಟವಾಯಿತು. ಫೋನು ತೆಗೆದು ಪಟ್ಟಿ ತೆರೆದ.

"ಯಾರ ಹೆಸರಿನಿಂದ ಶುರು ಮಾಡಲಿ, ಗುರುಗಳೇ?"

"ಮೊದಲು ನನ್ನ ಹೆಸರು ತೆಗೆ" ಎಂದರು ಗುರುಗಳು.